ಮರೆತವರ ಹಗ್ಗ

“ಇದು ಬಡವರ ಮನೆ ಅಂತ ನಾನು ನಂಬಬೇಕಾ?”

ಹೊಸ್ತಿಲಲ್ಲೇ ನಿಂತು ಹೀಗೆ ಕೇಳಿದವಳು ಕನ್ನಡಕದಮ್ಮ. ವಿದ್ಯಾರ್ಥಿ ನೆರವು ನಿಧಿಯವರು ಅವಳನ್ನು ಕಳಿಸಿದ್ದರು. ನನ್ನ ಅಣ್ಣನ ಮಗಳಿಗೆ ಹಲ್ಲಿನ ಡಾಕ್ಟರ್ ಓದುವ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ಫೀಜು ಕಟ್ಟುವ ಶಕ್ತಿ ಇರಲಿಲ್ಲ. ನಾವು ಹೇಳಿಕೊಂಡಷ್ಟು ಬಡವರು ಹೌದೋ ಅಲ್ಲವೋ ಎಂದು ಕಣ್ಣಾರೆ ನೋಡಿ ಹೇಳುವುದು ಈಯಮ್ಮನ ಕೆಲಸ. ಸರಪಳಿ ಹಾಕಿದ ಕನ್ನಡಕ ಎದೆಯ ಮೇಲೆ ತೂಗುತ್ತಿತ್ತು. ಸಾಮಾನು ನೋಡುವಾಗ ಅದನ್ನು ಏರಿಸುತ್ತಿದ್ದಳು, ನಮ್ಮ ಮುಖ ನೋಡುವಾಗ ಇಳಿಸುತ್ತಿದ್ದಳು.

ನಮ್ಮದು ಬಟ್ಟೆ ಒಗೆಯುವವರ ಅಂಗಳ. ಮೇಲಿನ ಬೀದಿಯ ಬಂಗಲೆಗಳ ಕೊಳೆಯೆಲ್ಲ ಗಂಟುಕಟ್ಟಿಕೊಂಡು ಇಲ್ಲಿಗೆ ಇಳಿದು ಬರುತ್ತದೆ. ಸುತ್ತ ಒಂದೊಂದೇ ಕೋಣೆಯ ಮನೆಗಳು, ನಡುವೆ ನೀರಿನ ತೊಟ್ಟಿಗಳು, ಒಗೆಯುವ ಕಲ್ಲುಗಳು, ಬಟ್ಟೆ ಬೇಯಿಸುವ ಭಟ್ಟಿ. ತಲೆಯೆತ್ತಿದರೆ ಆಕಾಶಕ್ಕಿಂತ ಹಗ್ಗಗಳೇ ಹೆಚ್ಚು. ಇಂಥ ಕಡೆಗೆ ದೊಡ್ಡವರೊಬ್ಬರು ಬರುತ್ತಾರೆಂದರೆ ಸುಮ್ಮನೆ ಕೂರಲು ಆಗುತ್ತದೆಯೇ? ಬೆಳಗಿನಿಂದ ಅಂಗಳವೆಲ್ಲ ನಮ್ಮ ಕೋಣೆಗೆ ನುಗ್ಗಿತ್ತು. ಭಟ್ಟಿ ಉರಿಸುವವನು ತನ್ನ ಮನೆಯ ಕುರ್ಚಿ ಹೊತ್ತು ತಂದ. ಬಿಳಿ ಬಟ್ಟೆಗೆ ನೀಲಿ ಹಾಕುವ ಅಕ್ಕ ಗೋಡೆ ಗಡಿಯಾರ ತಂದು ತೂಗುಹಾಕಿದಳು. ಅದು ಓಡುತ್ತಿರಲಿಲ್ಲ, ನೋಡಲು ಚೆನ್ನಾಗಿತ್ತು. ಮಂಚದ ಹಾಸುಬಟ್ಟೆಗೆ ನಾನೇ ಗಂಜಿ ಹಾಕಿ ಇಸ್ತ್ರಿ ಹೊಡೆದು, ಕೂತವರು ಜಾರಿ ಬೀಳಬೇಕು, ಹಾಗೆ ಮಾಡಿಟ್ಟಿದ್ದೆ. ಬಂದವರೆದುರು ಕೊಳಕಾಗಿ ಕಾಣಬಾರದು ಎನ್ನುವುದೊಂದೇ ನಮ್ಮ ತಲೆಯಲ್ಲಿತ್ತು. ಬಡತನ ನೋಡಲು ಬರುವವರಿಗೆ ಬಡತನವನ್ನೇ ಹಾಸಿ ಕೂರಿಸಬೇಕು ಎನ್ನುವ ಬುದ್ಧಿ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ.

ಕನ್ನಡಕದಮ್ಮ ಕುರ್ಚಿಯ ಮೇಲೆ ಕೂರಲಿಲ್ಲ, ಕುರ್ಚಿಯನ್ನು ನೋಡಿದಳು.

“ಕುರ್ಚಿ ಇದೆ. ಗಡಿಯಾರ ಇದೆ. ನಿಂತುಹೋಗಿದೆಯಲ್ಲ ಇದು?”

“ಈ ಮನೇಲಿ ಎಲ್ರೂ ಹೊತ್ತು ಮೂಡಿದಾಗಿಂದ ಓಡ್ತಾನೇ ಇರ್ತೀವಿ ತಾಯಿ, ಅದೊಂದಾದ್ರೂ ಸುಧಾರಿಸ್ಕೊಳ್ಲಿ ಬಿಡಿ,” ಅಂದಳು ಅವ್ವ, ಮಂಚದ ತುದಿಯಿಂದ. ಅವ್ವನ ಬಾಯಲ್ಲಿ ಉಳಿದಿರುವುದು ಒಂದೇ ಹಲ್ಲು. ಮೊಮ್ಮಗಳು ಡಾಕ್ಟರಾದ ಮೇಲೆ ಮೊದಲು ಕೈಹಚ್ಚಲಿ ಎಂದು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ.

ಕನ್ನಡಕದಮ್ಮ ನಗಲಿಲ್ಲ. ಮಂಚದ ಹಾಸನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. “ನಮ್ಮ ಮನೇಲೂ ಇಷ್ಟು ಬೆಳ್ಳಗಿಲ್ಲ.”

“ನಾವು ಒಗೆಯೋರು ಅಮ್ಮಾವ್ರೇ,” ಅಂದೆ.

“ಅದು ಗೊತ್ತು. ಆದ್ರೂ ಬಡವರ ಮನೆ ಅಂದ್ರೆ…” ಅವಳು ಮಾತು ಅಲ್ಲಿಗೇ ಬಿಟ್ಟು ಮೂಗಿನ ಮುಂದೆ ಕೈ ಆಡಿಸಿದಳು. ಬರಬೇಕಾಗಿದ್ದ ವಾಸನೆ ಬರಲಿಲ್ಲವೆಂದು ಬೇಸರವಾಗಿತ್ತೋ ಏನೋ.

ಅಷ್ಟರಲ್ಲಿ ಪರದೆಯ ಹಿಂದಿನಿಂದ ಅಣ್ಣ ಬಂದ. ಮೈಮೇಲೆ ನೀಲಿ ಕೋಟು.

ಆ ಕೋಟು ಮರೆತವರ ಹಗ್ಗದ್ದು. ಒಗೆಯಲು ಕೊಟ್ಟು ಆಮೇಲೆ ಕೇಳಲು ಮರೆತ ಬಟ್ಟೆಗಳಿಗೆಂದೇ ಅಂಗಳದ ಮೂಲೆಯಲ್ಲಿ, ತಗಡಿನ ಸೂರಿನ ಕೆಳಗೆ, ನಾವು ಬೇರೆ ಹಗ್ಗ ಕಟ್ಟಿದ್ದೇವೆ. ಮೇಲಿನ ಬೀದಿಯವರಿಗೆ ಬಟ್ಟೆ ಎಷ್ಟಿವೆಯೆಂದರೆ ಯಾವುದು ಎಲ್ಲಿದೆ ಎನ್ನುವುದು ಅವರಿಗೇ ತಿಳಿಯದು. ಚಳಿ ಮುಗಿಯುವಾಗ ಕೊಟ್ಟ ಕೋಟು, ಶಾಲು, ಸ್ವೆಟರು ಮುಂದಿನ ಚಳಿಗೆ ನೆನಪಾಗುವುದಿಲ್ಲ. ಅಷ್ಟರಲ್ಲಿ ಹೊಸದು ಬಂದಿರುತ್ತದೆ. ಮೊದಲೆಲ್ಲ ಮನೆ ಬಾಗಿಲಿಗೆ ಒಯ್ದು ನೆನಪಿಸುತ್ತಿದ್ದೆವು. “ಯಾರದ್ದೋ ತಂದು ನಮ್ಮನೆಗೆ ತುಂಬ್ತೀರಾ?” ಎಂದು ಬೈಸಿಕೊಂಡು ವಾಪಸು ಬಂದ ಮೇಲೆ ಆ ಉಸಾಬರಿ ಬಿಟ್ಟೆವು. ಹಾಗಂತ ನಾವು ಅದನ್ನು ಹಾಕಿಕೊಳ್ಳುವ ಹಾಗಿಲ್ಲ. ಬಿಸಿಲು ತೋರಿಸಿ, ಹುಳ ಬೀಳದ ಹಾಗೆ ಕೊಡವಿ, ಮತ್ತೆ ಅದೇ ಹಗ್ಗಕ್ಕೆ ಹಾಕುತ್ತೇವೆ. ಗಿರಾಕಿಯ ಬಟ್ಟೆ ಮೈಮೇಲೆ ಹಾಕಿಕೊಂಡ ಒಗೆಯುವವನಿಗೆ ಮಾರನೇ ದಿನ ಯಾವ ಮನೆಯೂ ಗಂಟು ಕೊಡುವುದಿಲ್ಲ. ಇದು ಅಂಗಳದಲ್ಲಿ ಅಂಬೆಗಾಲಿಡುವ ಮಗುವಿಗೂ ಗೊತ್ತು.

ಅಣ್ಣನಿಗೆ ಗೊತ್ತಿಲ್ಲವೇ? ಆದರೆ ಮಗಳನ್ನು ಡಾಕ್ಟರ್ ಓದಿಸಲು ಹೊರಟ ಅಪ್ಪನ ಹಾಗೆ ಕಾಣಬೇಕು ಎಂಬ ಆಸೆ ಅವನಿಗೆ. ಇದ್ದ ಎರಡು ಅಂಗಿಗಳೂ ಭುಜದಲ್ಲಿ ಪಿಸಿದಿದ್ದವು. ಕೋಟಿನ ತೋಳು ಸರಿಹೋಗುತ್ತದೆಯೇ ಎಂದು ನೋಡಿದನೇ ಹೊರತು ಅದು ಯಾವ ಮನೆಯದೆಂದು ಕೂಡ ನೋಡಿರಲಿಲ್ಲ.

“ಒಳ್ಳೇ ಕೋಟು,” ಕನ್ನಡಕ ಮೇಲೇರಿತು. “ಯಾರದು?”

ಅಣ್ಣ ನಮ್ಮ ಕಡೆ ತಿರುಗಿ ನೋಡಿದ. ಗಿರಾಕಿಯದು ಅಂದರೆ ನಾವು ಬಡವರೆಂದು ಸಾಬೀತಾಗುತ್ತದೆ, ಹೊಟ್ಟೆಪಾಡು ಹೋಗುತ್ತದೆ. ನಂದು ಅಂದರೆ ಹೊಟ್ಟೆಪಾಡು ಉಳಿಯುತ್ತದೆ, ಮಗಳ ಕಾಲೇಜು ಹೋಗುತ್ತದೆ. ಒಂದು ಪ್ರಶ್ನೆಗೆ ಎರಡು ಉತ್ತರ, ಎರಡರಲ್ಲೂ ನಮಗೇ ಪೆಟ್ಟು. ಹಿಂದೆ ನಾವಿಷ್ಟು ಜನ ನಿಂತಿದ್ದೆವು, ಬಾಗಿಲಾಚೆ ಅಂಗಳವೇ ನಿಂತಿತ್ತು. ಅವನು ಒಬ್ಬನ ಹೊಟ್ಟೆಯನ್ನಷ್ಟೇ ನೋಡುವ ಹಾಗಿರಲಿಲ್ಲ.

“ನಂದೇ ಅಮ್ಮಾವ್ರೇ,” ಅಂದ.

ಕನ್ನಡಕದಮ್ಮ ಏನೋ ಬರೆದುಕೊಂಡಳು. ಹೋಗುವಾಗ ಹುಡುಗಿಯ ಕಡೆ ತಿರುಗಿ, “ನಿಜವಾದ ಬಡ ಮಕ್ಕಳ ಅನ್ನ ಕಿತ್ಕೋಬಾರದು ಪುಟ್ಟಾ,” ಅಂದಳು. ಮೆತ್ತಗೆ ಹೇಳಿದಳು, ಬುದ್ಧಿಮಾತಿನ ಹಾಗೆ. ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಹುಡುಗಿಯನ್ನು ಅಂಗಳದಲ್ಲಿ ಎಲ್ಲರೂ ಗಂಜಿ ಅಂತಲೇ ಕರೆಯುವುದು. ಚಿಕ್ಕವಳಿದ್ದಾಗ ಬಟ್ಟೆಗೆ ಹಾಕುವ ಗಂಜಿಯ ತೊಟ್ಟಿಗೆ ಬಿದ್ದು, ತೆಗೆದು ಬಿಸಿಲಲ್ಲಿ ನಿಲ್ಲಿಸಿದರೆ ಕೈಕಾಲು ಅಲ್ಲಾಡಿಸದೆ ಸೆಟೆದು ನಿಂತಿದ್ದಳು. ಆವತ್ತಿನಿಂದ ಸ್ವಭಾವವೂ ಹಾಗೇ ಆಗಿದೆ. ಬಗ್ಗು ಅಂದರೆ ಬಗ್ಗುವವಳಲ್ಲ.

ಕಾಲೇಜಿಗೆ ನೆರವು ಸಿಗುತ್ತದೆ ಎನ್ನುವುದನ್ನು ಅವಳು ಪತ್ತೆ ಹಚ್ಚಿದ್ದೇ ಇಸ್ತ್ರಿ ಮೇಜಿನ ಪಕ್ಕ. ಇಸ್ತ್ರಿಯಾದ ಬಟ್ಟೆ ಸುತ್ತಲು ಹಳೇ ಪೇಪರು ತರುತ್ತೇವೆ. ನಾನು ಅಂಗಿ ಮಡಚಿ ಕೈಚಾಚಿದರೆ ಅವಳು ಪೇಪರು ಕೊಡುವ ಬದಲು ಓದುತ್ತ ನಿಂತಿರುತ್ತಿದ್ದಳು. “ಅತ್ತೆ, ಇಲ್ನೋಡು, ಬಡ ವಿದ್ಯಾರ್ಥಿಗಳಿಗೆ ನೆರವಂತೆ.” ನೋಡಿದರೆ ಅದು ಹೋದ ವರ್ಷದ ಪೇಪರು. ಅವಳಿಗೆ ಸಿಕ್ಕ ನೆರವೆಲ್ಲ ಗಡುವು ದಾಟಿದ್ದೇ. ಆದರೂ ವಿಳಾಸ ಹಿಡಿದು ಹೋಗುತ್ತಿದ್ದಳು. ಹೋದ ವರ್ಷ ಕೊಟ್ಟವರು ಈ ವರ್ಷವೂ ಕೊಡಬಹುದಲ್ಲ ಎನ್ನುವುದು ಅವಳ ವಾದ.

ಒಂದು ನಿಧಿಗೆ ಅಪ್ಪ ಸತ್ತಿರಬೇಕಿತ್ತು. ನಮ್ಮಲ್ಲಿ ಸತ್ತಿದ್ದು ಅಮ್ಮ. “ಅಮ್ಮ ಸತ್ತಿದ್ರೆ ಆಗಲ್ವಂತೆ, ದುಡಿಯೋರು ಸಾಯ್ಬೇಕಂತೆ,” ಎಂದು ಗಂಜಿ ಬಂದು ಹೇಳಿದಾಗ ಅಣ್ಣ ಕಲ್ಲಿನ ಮೇಲೆ ಬಟ್ಟೆ ಬಡಿಯುವುದನ್ನು ನಿಲ್ಲಿಸಲಿಲ್ಲ. ಅವಳಮ್ಮ ಸಾಯುವ ವಾರದವರೆಗೂ ಪಕ್ಕದ ಕಲ್ಲಿನಲ್ಲಿ ನಿಂತು ಬಡಿಯುತ್ತಿದ್ದಳು. “ಅದಕ್ಕೇನಂತೆ, ನಾನೂ ಸತ್ತು ತೋರಿಸ್ಲಾ ಕೇಳ್ಕೊಂಡು ಬಾ,” ಅಂದ. ಅಂಗಳವೆಲ್ಲ ನಕ್ಕಿತು. ಅವನು ನಗಲಿಲ್ಲ.

ಸರ್ಕಾರದ ನೆರವಿಗೆ ವಾಸದ ಮನೆ ತೋರಿಸಬೇಕು. ಕಚೇರಿಯ ನಕ್ಷೆಯಲ್ಲಿ ನಮ್ಮ ಅಂಗಳವಿದ್ದ ಕಡೆ ನೀರಿನ ತೊಟ್ಟಿಗಳಿದ್ದವು, ಮನೆಗಳಿರಲಿಲ್ಲ. “ತೊಟ್ಟೀಲಿ ವಾಸ ಮಾಡ್ತೀರಾ? ಮೀನಾ ನೀವು?” ಎಂದು ಕೇಳಿದ ಅಲ್ಲಿದ್ದವನು. ಬ್ಯಾಂಕಿನಲ್ಲಿ ಸಾಲ ಕೇಳಿದರೆ, ಅಡವಿಡಲು ಏನಿದೆ ಅಂದರು. ಇಸ್ತ್ರಿ ಪೆಟ್ಟಿಗೆ ಇದೆ ಅಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು. ಹೀಗೆ ಬಾಗಿಲುಗಳೆಲ್ಲ ಮುಚ್ಚಿ ಉಳಿದದ್ದು ಇದೊಂದೇ, ಮೇಲಿನ ಬೀದಿಯ ದೊಡ್ಡವರು ಸೇರಿ ಕಟ್ಟಿದ ನಿಧಿ. ಕಾಲೇಜಿನವರು ಸೀಟು ಹಿಡಿದಿಡುವ ಕೊನೆಯ ದಿನ ಹತ್ತಿರವಾಗುತ್ತಿತ್ತು. ಈ ಬಾಗಿಲೂ ಮುಚ್ಚಿದರೆ ಗಂಜಿ ಇಸ್ತ್ರಿ ಮೇಜಿಗೇ ಗತಿ.

ಕನ್ನಡಕದಮ್ಮ ಬಂದುಹೋದ ಒಂದು ವಾರಕ್ಕೆ ನಾನೂ ಗಂಜಿಯೂ ನಿಧಿಯ ಕಚೇರಿಗೆ ಹೋದೆವು. ಗುಮಾಸ್ತ ಕಡ್ಡಿಯಿಂದ ಹಲ್ಲು ಕೆದಕುತ್ತ ಕೂತಿದ್ದ. ನಮ್ಮನ್ನು ನೋಡಿದವನೇ, “ಓಹೋ, ಕೋಟಿನವರು,” ಅಂದ. “ಆಗಲ್ಲಮ್ಮ. ಕೋಟು ಹಾಕೋನ ಮಗಳಿಗೆ ನೆರವು ಕೊಟ್ರೆ ದಾನಿಗಳು ನನ್ನ ಮುಖಕ್ಕೆ ಉಗೀತಾರೆ.”

“ಒಂದು ಕೋಟು ನೋಡಿ ಹಣೆಬರಹ ಬರೆದುಬಿಡ್ತೀರಾ ಸಾರ್?” ಅಂದೆ. “ಇನ್ನೊಂದ್ಸಲ ಬಂದು ನೋಡಿ. ನಮ್ಮನೇಲಿ ಏನೂ ಇಲ್ಲ. ಕುರ್ಚಿ ಪಕ್ಕದ ಮನೇದು, ಗಡಿಯಾರ ಎದುರು ಮನೇದು.”

“ಮತ್ತೆ ಕೋಟು?”

ಅದಕ್ಕೆ ಮಾತ್ರ ನಿಜ ಹೇಳುವ ಹಾಗಿರಲಿಲ್ಲ.

ಗುಮಾಸ್ತ ಕಡ್ಡಿ ಎಸೆದ. ಅವನಿಗೆ ನಮ್ಮ ಮೇಲೆ ಕನಿಕರ ಬಂದ ಹಾಗಿತ್ತು, ಅದೇ ನೋಡಿ ಕೆಟ್ಟದ್ದು. “ನೋಡಿ, ಒಂದು ದಾರಿ ಹೇಳ್ತೀನಿ. ಭಾನುವಾರ ಸಭೆ ಇದೆ. ಅಧ್ಯಕ್ಷರು, ದಾನಿಗಳು ಎಲ್ಲಾ ಬರ್ತಾರೆ. ಬಿಟ್ಟುಹೋದ ಮಕ್ಕಳು ಸ್ಟೇಜ್ ಮೇಲೆ ಬಂದು ಕಷ್ಟ ಹೇಳ್ಕೋಬಹುದು. ಅಪ್ಪನ್ನೂ ಕರ್ಕೊಂಡು ಬಾ. ಇಬ್ರೂ ಹರಿದಿದ್ದು ಹಾಕ್ಕೊಳ್ಳಿ. ಬರೀ ಹರಿದಿದ್ರೆ ಸಾಲಲ್ಲ, ಕೊಳೆ ಇರ್ಬೇಕು. ಫೋಟೋದಲ್ಲಿ ಹರಿದಿರೋದು ಕಾಣಲ್ಲ, ಕೊಳೆ ಕಾಣುತ್ತೆ.”

“ಕೊಳೆ,” ಅಂದಳು ಗಂಜಿ.

“ಹೂಂ. ಆಮೇಲೆ ಮೈಕಲ್ಲಿ ಅಪ್ಪ ಕುಡೀತಾನೆ ಅನ್ನು. ಹೊಡೀತಾನೆ ಅಂದ್ರೆ ಇನ್ನೂ ಒಳ್ಳೇದು. ಅಂಥದ್ದು ಅವ್ರ ಮನಸ್ಸಿಗೆ ತಟ್ಟುತ್ತೆ.”

“ಅಪ್ಪ ಕುಡಿಯಲ್ಲ ಸಾರ್.”

“ಅದನ್ನ ನಿನ್ನ ಯಾರು ಕೇಳಿದ್ರು?”

ಹೊರಗೆ ಬಂದ ಮೇಲೆ ಬೀದಿಯ ತಿರುವಿನಲ್ಲಿ ಗಂಜಿ, “ಆ ಗುಮಾಸ್ತನ ಕೆಳಗಿನ ಹಲ್ಲು ಕೀಳ್ಬೇಕು ಅತ್ತೆ, ಪೂರ್ತಿ ಹುಳುಕಾಗಿದೆ,” ಅಂದಳು.

“ಕೀಳೋಣ ಬಿಡು, ಕಾಲೇಜಿಗೆ ಸೇರೋ ಮುಂಚೆನೇ ಕೀಳೋಣ,” ಅಂದೆ. ಇಬ್ಬರಿಗೂ ನಗು ಬರಲಿಲ್ಲ.

ಶನಿವಾರ ಮಧ್ಯಾಹ್ನ ಅಣ್ಣ ಭಟ್ಟಿಯ ಬಾಯಿಂದ ಬೂದಿ ತೆಗೆದು ತನ್ನ ಅಂಗಿಗೆ ಉಜ್ಜಿಕೊಳ್ಳುತ್ತಿದ್ದ. ಮೊದಲು ನೋಡಿದವಳು ನೀಲಿ ಹಾಕುವ ಅಕ್ಕ. “ಅಯ್ಯೋ, ಇವನಿಗೇನು ಬಂತು,” ಎಂದು ಕೂಗಿದಳು. ಎಲ್ಲರೂ ಕೈಲಿದ್ದ ಬಟ್ಟೆ ಬಿಟ್ಟು ಬಂದರು. ಅಣ್ಣ ಯಾರ ಮುಖವನ್ನೂ ನೋಡಲಿಲ್ಲ. ಹುಷಾರಾಗಿ ಉಜ್ಜುತ್ತಿದ್ದ, ಎದೆಗೆ ಸ್ವಲ್ಪ, ಕಾಲರಿಗೆ ಸ್ವಲ್ಪ, ತೋಳಿನ ಮಡಿಕೆಗೆ ಸ್ವಲ್ಪ. ಕೊಳೆ ಎಲ್ಲೆಲ್ಲಿ ಕೂರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆಳಗಿನಿಂದ ಬೈಗಿನವರೆಗೆ ಅದನ್ನು ತೆಗೆಯುವುದರಲ್ಲೇ ಬದುಕು ಸವೆಸಿದವನು ತನ್ನ ಅಂಗಿಗೆ ತಾನೇ ಕೊಳೆ ಹಚ್ಚುವುದನ್ನು ನಾನು ನೋಡಿದೆ.

ಅವ್ವ ಕೋಲೂರಿಕೊಂಡು ಬಂದಳು. “ಏನೋ ಇದು?”

“ನಾಳೆಗೆ ಅವ್ವ. ಹಿಂಗೆ ಬರ್ಬೇಕಂತೆ.”

“ಬಿಚ್ಚೋ ಅದನ್ನ.”

“ಸುಮ್ನಿರವ್ವ. ಒಂದು ದಿನಕ್ಕೆ ತಾನೇ. ಹುಡುಗಿ ಓದ್ಲಿ. ನಂಗೇನಾಗುತ್ತೆ, ಒಗೆದ್ರೆ ಹೋಗುತ್ತೆ.”

“ಹೋಗಲ್ಲ ಕಣೋ ಮುಟ್ಠಾಳ. ಇದು ಒಗೆದ್ರೆ ಹೋಗೋ ಕೊಳೆ ಅಲ್ಲ.” ಅವ್ವ ಅಂಗಿಯ ಗುಂಡಿ ಹರಿಯುವ ಹಾಗೆ ಎಳೆದು ಅದನ್ನು ಕಿತ್ತು ತೊಟ್ಟಿಗೆ ಎಸೆದಳು. “ಆ ಬೋಳಿಮಕ್ಳ ವಾಂತಿ ತೊಳೆದಿದೀನಿ, ಹೇಲು ಉಚ್ಚೆ ತೊಳೆದಿದೀನಿ, ಒಂದಿನ ಮೂಗು ಮುಚ್ಕೊಂಡಿಲ್ಲ. ಈಗ ನನ್ನ ಮಗ ಕೊಳೆ ಬಳ್ಕೊಂಡು ಹೋಗಿ ಅವ್ರ ಮುಂದೆ ನಿಂತ್ಕೋಬೇಕಾ? ಅವ್ರು ಮೂಗು ಮುಚ್ಕೊಂಡು ದಾನ ಮಾಡೋದಕ್ಕೆ?”

“ಮತ್ತೇನು ಮಾಡ್ಲಿ?” ಅಣ್ಣ ಕಿರುಚಿದ. ಅವನು ಕಿರುಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಕೋಟು ಹಾಕ್ಕೊಂಡ್ರೆ ಸಾಹುಕಾರ ಅಂತಾರೆ. ಬಿಚ್ಚಿದ್ರೆ ಬೂದಿ ಬಳ್ಕೋ ಅಂತಾರೆ. ಇನ್ನೇನು ಚರ್ಮ ಸುಲ್ಕೊಳ್ಲಾ?”

ಗಂಜಿ ಎದ್ದು ಮರೆತವರ ಹಗ್ಗದ ಹತ್ತಿರ ಹೋದಳು. ಆ ನೀಲಿ ಕೋಟನ್ನು ತೆಗೆದು ಕಾಲರಿನ ಒಳಮಗ್ಗುಲು ಮಗುಚಿದಳು. ಪ್ರತಿ ಬಂಗಲೆಗೂ ನಾವು ಒಂದೊಂದು ಗುರುತು ಇಟ್ಟುಕೊಂಡಿದ್ದೇವೆ, ಎಷ್ಟು ಬೇಯಿಸಿದರೂ ಹೋಗದ ಮಸಿಯಲ್ಲಿ. ಯಾರ ಬಟ್ಟೆ ಯಾರ ಮನೆಗೂ ಹೋಗಬಾರದಲ್ಲ, ಅದಕ್ಕೆ. ಇದರಲ್ಲಿ ಒಂದು ಕೊಕ್ಕೆ, ಕೊಕ್ಕೆಯ ಹೊಟ್ಟೆಯಲ್ಲಿ ಚುಕ್ಕಿ.

“ಅತ್ತೆ, ಇದು ಯಾವ ಮನೇದು ನೋಡು.”

ನೋಡಿದೆ. ನೋಡಿ ಕೂತುಬಿಟ್ಟೆ. ಅದು ನಿಧಿಯ ಅಧ್ಯಕ್ಷರ ಬಂಗಲೆಯ ಗುರುತು.

ಮೊದಲು ನಕ್ಕವಳು ಅವ್ವ. ಒಂದೇ ಹಲ್ಲು ತೋರಿಸಿ, ಕೋಲು ಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನೀಲಿ ಹಾಕುವ ಅಕ್ಕನಿಗೂ ತಡೆಯಲಾಗಲಿಲ್ಲ. “ಅವ್ರ ಕೋಟು ಹಾಕ್ಕೊಂಡಿದಾನೆ ಅಂತ ಅವ್ರೇ ದುಡ್ಡು ಕೊಡಲ್ಲ ಅಂದ್ರಾ?”

“ಅಪ್ಪ, ನಾಳೆ ಇದನ್ನೇ ಹಾಕ್ಕೊಂಡು ಬಾ,” ಅಂದಳು ಗಂಜಿ. “ಯಾರದು ಅಂತ ಅವ್ರೆದುರೇ ಹೇಳೋಣ.”

ನಗು ನಿಂತಿತು. ಭಟ್ಟಿಯವನು ಮುಂದೆ ಬಂದ. ಅವನು ಕೆಟ್ಟವನಲ್ಲ, ಮನೆ ತುಂಬ ಮಕ್ಕಳಿರುವವನು. “ಹೇಳಿದ್ರೆ ಏನಾಗುತ್ತೆ ಗೊತ್ತಾ? ಗಿರಾಕಿ ಬಟ್ಟೆ ಹಾಕ್ಕೋತಾರೆ ಅಂತ ಇಡೀ ಬೀದಿ ಗಂಟು ನಿಲ್ಲಿಸುತ್ತೆ. ನಿನ್ನೊಬ್ಬಳ ಓದಿಗೆ ಇಷ್ಟೂ ಮನೆ ಒಲೆ ಆರಿಸ್ತೀಯೇನೇ?”

“ಗೊತ್ತಿಲ್ಲ ಮಾವ,” ಅಂದಳು ಗಂಜಿ. “ಒಲೆ ಆರ್ಬಹುದು. ನಾನು ಓದದೇನೂ ಇರ್ಬಹುದು. ಆದ್ರೆ ಕೊಳೆ ಹಚ್ಕೊಂಡು ಹೋಗಲ್ಲ. ಅಪ್ಪ ಕುಡೀತಾನೆ ಅಂತ ಹೇಳಿ ಡಾಕ್ಟರಾಗಲ್ಲ.”

“ಮಾತಿಗೇನು ಕಮ್ಮಿ ಇಲ್ಲ ಲೌಡಿಗೆ,” ಎಂದು ಬೈದು ಭಟ್ಟಿಯವನು ಹೊರಟೇಹೋದ. ಹೋಗಿ ಭಟ್ಟಿಗೆ ಸೌದೆ ತುರುಕಿದ, ಸೌದೆಯ ಮೇಲೆ ಸಿಟ್ಟಿದ್ದವನ ಹಾಗೆ.

ಅವ್ವ ಹಗ್ಗದ ಹತ್ತಿರ ನಡೆದಳು. ತುಪ್ಪಳದ ಅಂಚಿನ ಕಂದು ಶಾಲೊಂದನ್ನು ಎಳೆದು, ಕೊಡವಿ, ಮೈತುಂಬ ಹೊದ್ದುಕೊಂಡಳು. “ಇವನೊಬ್ನೇ ಯಾಕೆ ಕಳ್ಳ ಅನ್ನಿಸ್ಕೋಬೇಕು? ಬೈದ್ರೆ ಎಲ್ರಿಗೂ ಬೈಲಿ,” ಅಂದಳು. ಆಮೇಲೆ ನೀಲಿ ಹಾಕುವ ಅಕ್ಕ ಹೋದಳು. ಆಮೇಲೆ ನಾನು, ನನ್ನ ಹಿಂದೆ ಉಳಿದವರೆಲ್ಲ. ಮುತ್ತಿನ ಗುಂಡಿಯ ಬೂದು ಸ್ವೆಟರು ನನ್ನ ಪಾಲಿಗೆ ಬಂತು. ಬೆಚ್ಚಗಿತ್ತು, ಸುಳ್ಳು ಯಾಕೆ ಹೇಳಲಿ. ಇಷ್ಟು ಚಳಿಗಾಲ ಅದನ್ನು ಕೊಡವಿ ಕೊಡವಿ ಹಗ್ಗಕ್ಕೆ ಹಾಕಿದ ನನ್ನ ಕೈಗಳಿಗೆ ಅವತ್ತು ಬುದ್ಧಿ ಬಂತು.

ಭಾನುವಾರ ಮೇಲಿನ ಬೀದಿಯ ಸಭಾಭವನದಲ್ಲಿ ಕಾವಲುಗಾರ ನಮಗಾಗಿ ಬಾಗಿಲು ತೆಗೆದ. ಗಂಟು ಹೊತ್ತು ಹಿಂಬಾಗಿಲಿಂದ ಬಂದು ಹೋಗುವ ನನ್ನನ್ನು ಅವನು ವಾರ ವಾರ ನೋಡುತ್ತಾನೆ. ಅವತ್ತು ಮುಖ ನೋಡಲಿಲ್ಲ, ಸ್ವೆಟರು ನೋಡಿದ. “ಬನ್ನಿ ಮೇಡಂ,” ಅಂದ. ಅವ್ವನಿಗಂತೂ ಕೈ ಹಿಡಿದು ಮೆಟ್ಟಿಲು ಹತ್ತಿಸಿದ. “ಒಳ್ಳೇ ಹುಡುಗ,” ಅಂದಳು ಅವ್ವ.

ವೇದಿಕೆಯ ಮೇಲಿನ ಬಿಳಿ ಮೇಜುಬಟ್ಟೆಗೆ ಇಸ್ತ್ರಿ ಹೊಡೆದಿದ್ದು ನಾನೇ. ಅದರ ಹಿಂದೆ ಅಧ್ಯಕ್ಷರು ಎತ್ತರದ ಬೆನ್ನಿನ ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಕನ್ನಡಕದಮ್ಮ. ಇನ್ನೊಂದು ಬದಿಯಲ್ಲಿ ನೆರವು ಸಿಕ್ಕ ಮಕ್ಕಳಿಗೆಂದು ಒಂದು ಸಾಲು ಕುರ್ಚಿ. ಬಿಟ್ಟುಹೋದ ಮಕ್ಕಳು ಒಬ್ಬೊಬ್ಬರಾಗಿ ಬರುತ್ತಿದ್ದರು, ಮೈಕಿನ ಮುಂದೆ ಕಷ್ಟ ಹೇಳುತ್ತಿದ್ದರು. ಗುಮಾಸ್ತನ ಪಾಠ ಎಲ್ಲರಿಗೂ ಆಗಿತ್ತು. ಒಬ್ಬ ಹುಡುಗನ ಅಂಗಿಗೆ ಮಣ್ಣು ಹಚ್ಚಿದ್ದು ದೂರದಿಂದಲೇ ತಿಳಿಯುತ್ತಿತ್ತು. ನಿಜವಾದ ಕೊಳೆ ಹಾಗೆ ಕೂರುವುದಿಲ್ಲ. ಅವನು ಅತ್ತಾಗ ಮುಂದಿನ ಸಾಲಿನವರು ಕರವಸ್ತ್ರ ತೆಗೆದರು. ಫೋಟೋದವನು ಅಡ್ಡಡ್ಡ ಓಡಾಡಿ ಫೋಟೋ ತೆಗೆದ. ಅಧ್ಯಕ್ಷರು ತಲೆಯಾಡಿಸಿ ಅವನನ್ನು ನೆರವು ಸಿಕ್ಕವರ ಸಾಲಿನಲ್ಲಿ ಕೂರಿಸಿದರು. ಆ ಹುಡುಗನ ಅಳು ಮಾತ್ರ ನಿಜವಾದದ್ದೇ. ನನಗೆ ಅವನನ್ನು ಕರೆದುಕೊಂಡು ಹೋಗಿ ಮುಖ ತೊಳೆಸಬೇಕು ಅನ್ನಿಸಿತು.

ಗಂಜಿಯ ಸರದಿ ಬಂತು. ಶಾಲೆಯ ಬಿಳಿ ಅಂಗಿ, ಅದಕ್ಕೆ ಅವಳೇ ಹಾಕಿದ ಗಂಜಿ. ಹಿಂದೆ ನೀಲಿ ಕೋಟಿನಲ್ಲಿ ಅಣ್ಣ. ಗುಮಾಸ್ತ ಹಣೆ ಚಚ್ಚಿಕೊಂಡ. ಕನ್ನಡಕದಮ್ಮ ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದಳು. ಅಧ್ಯಕ್ಷರು ಎದ್ದು ನಗುನಗುತ್ತ ಮೈಕಿನ ಹತ್ತಿರ ಬಂದರು.

“ಏನಮ್ಮಾ, ಇವರು ನಿಮ್ಮ ತಂದೆಯೋ, ನಮ್ಮ ದಾನಿಗಳಲ್ಲಿ ಒಬ್ಬರೋ?”

ಸಭೆ ನಕ್ಕಿತು. ಅಧ್ಯಕ್ಷರಿಗೆ ಹುರುಪು ಬಂತು. “ಇಂಥ ಕೋಟು ನನ್ನ ಹತ್ರಾನೇ ಇಲ್ಲವಲ್ಲಪ್ಪ. ಇದನ್ನ ಹಾಕ್ಕೊಂಡು ಬಂದು ಕೈ ಚಾಚ್ತೀಯಲ್ಲ, ನಾಚಿಕೆ ಆಗಲ್ವಾ?”

ಅಣ್ಣ ಮೈಕಿನಲ್ಲಿ ಮಾತಾಡಿದವನಲ್ಲ. ಅದಕ್ಕೆ ತೀರ ಹತ್ತಿರ ಬಾಯಿ ಇಟ್ಟ. “ಇದೆ ಯಜಮಾನ್ರೇ,” ಅಂದ. “ಇಂಥ ಕೋಟು ನಿಮ್ಮತ್ರ ಇದೆ. ಇದೇ ಅದು.”

ಅಧ್ಯಕ್ಷರಿಗೆ ಅರ್ಥವಾಗಲಿಲ್ಲ. ಅಣ್ಣ ಕಾಲರು ಮಗುಚಿ ಗುರುತು ತೋರಿಸಿದ. “ನಿಮ್ಮ ಬಂಗಲೆ ಗುರುತು. ಒಗೆಯೋಕೆ ಕೊಟ್ಟು ಮರೆತ್ರಿ. ಅಲ್ಲಿ ಕೂತಿರೋ ಅಮ್ಮಾವ್ರು ನಮ್ಮ ಮನೆ ನೋಡೋಕೆ ಬಂದಾಗ ನಾನು ತಗೊಂಡು ಹಾಕ್ಕೊಂಡಿದ್ದೆ. ನನ್ನ ಅಂಗಿ ಹರಿದಿತ್ತು.”

“ಏನೇನೋ ಬೊಗಳ್ಬೇಡ. ಇದು ನನ್ನದಲ್ಲ.”

ಆಗ ಮುಂದಿನ ಸಾಲಿನಲ್ಲಿ ಅಧ್ಯಕ್ಷರ ಹೆಂಡತಿ ಎದ್ದು ನಿಂತರು. ಕೋಟಿನ ಗುಂಡಿಗಳನ್ನು ದಿಟ್ಟಿಸಿ ನೋಡಿದರು. “ರೀ, ಇದು ನಾನು ನಿಮ್ಮ ಹುಟ್ಟುಹಬ್ಬಕ್ಕೆ ಹೊಲಿಸಿಕೊಟ್ಟಿದ್ದಲ್ವಾ? ರೈಲಲ್ಲಿ ಕಳೆದೋಯ್ತು ಅಂದಿದ್ರಿ.”

ಸಭೆಗೆ ಮತ್ತೆ ನಗು ಬಂತು. ಈ ಸಲ ಅದು ಯಾರ ಮೇಲೆ ಎಂದು ಅಧ್ಯಕ್ಷರಿಗೆ ತಿಳಿಯಿತು. ಕಿವಿ ಕೆಂಪಗಾಯಿತು. “ಕಳ್ಳ ಸೂಳೆಮಗನೇ,” ಅಂದರು, ಮೈಕು ಮುಂದಿರುವುದು ಮರೆತು. “ಬಿಚ್ಚೋ. ಬಿಚ್ಚಿ ಇಡು ಇಲ್ಲಿ.”

ಅಣ್ಣ ಬಿಚ್ಚಿದ. ಒಳಗೆ ಹೊಲಿಗೆಯ ಮೇಲೆ ಹೊಲಿಗೆ ಹಾಕಿದ ಬನಿಯನು, ಬೆಳ್ಳಗೆ. ಕೋಟನ್ನು ಮೇಜಿನ ಮೇಲೆ ಹರಡಿ, ತೋಳು ಹಿಂದಕ್ಕೆ ಮಡಚಿ, ಸುಕ್ಕು ಸವರಿ, ನಮ್ಮ ಅಂಗಳದಲ್ಲಿ ಹೇಗೆ ಮಡಚುತ್ತೇವೋ ಹಾಗೇ ಮಡಚಿ ಅಧ್ಯಕ್ಷರ ಮುಂದೆ ಇಟ್ಟ. ಅವನಿಗೆ ಅವಸರವಿರಲಿಲ್ಲ.

ನಾನು ಎದ್ದೆ. ಮೆಟ್ಟಿಲು ಹತ್ತಿ ಸ್ವೆಟರು ಬಿಚ್ಚಿ, ಮಡಚಿ, ಕೋಟಿನ ಮೇಲೆ ಇಟ್ಟೆ. “ಇದು ಮೂಲೆ ಬಂಗಲೆಯವ್ರದ್ದು,” ಅಂದೆ. ಮೂಲೆ ಬಂಗಲೆಯಾಕೆ ಎರಡನೇ ಸಾಲಿನಲ್ಲೇ ಇದ್ದಳು, ನೆಲ ನೋಡಿದಳು. ನನ್ನ ಹಿಂದೆ ನೀಲಿ ಹಾಕುವ ಅಕ್ಕ ಬಂದಳು. ಅವಳ ಹಿಂದೆ ಅಂಗಳ ಬಂತು. ಶಾಲು, ಮಫ್ಲರು, ಕೈಗವಸು, ಉಣ್ಣೆಯ ಟೋಪಿ. ಪ್ರತಿಯೊಬ್ಬರೂ ಮಡಚಿ ಇಟ್ಟು, ಯಾವ ಮನೆಯದೆಂದು ಹೇಳಿ, ತೇಪೆಯ ಬಟ್ಟೆಯಲ್ಲಿ ಚಳಿಗೆ ಮೈ ಮುದುರಿಕೊಂಡು ಅಲ್ಲೇ ಸಾಲಾಗಿ ನಿಂತರು. ಮೇಜಿನ ಮೇಲೆ ರಾಶಿ ಬೆಳೆದು ಕನ್ನಡಕದಮ್ಮನ ಮುಖ ಮುಚ್ಚಿತು.

ಗಂಜಿ ಮೈಕು ತನ್ನ ಕಡೆ ಎಳೆದುಕೊಂಡಳು. “ಅಪ್ಪನ ಹತ್ರ ಕೋಟಿದೆ ಅಂತ ನಂಗೆ ನೆರವು ಇಲ್ಲ ಅಂದ್ರಿ. ಈಗ ಕೋಟಿಲ್ಲ. ಬರ್ಕೊಳ್ಳಿ ಅಮ್ಮಾ,” ಎಂದು ರಾಶಿಯ ಕಡೆ ನೋಡಿ ಹೇಳಿದಳು. “ನಮ್ಮಪ್ಪ ಕುಡಿಯಲ್ಲ. ಹೊಡೆಯಲ್ಲ. ಒಗೀತಾನೆ. ನಂಗೆ ಸೀಟು ಸಿಕ್ಕಿದೆ, ಕಟ್ಟೋಕಾಗಲ್ಲ. ಇಷ್ಟೇ ಕಷ್ಟ. ಇದಕ್ಕಿಂತ ಹೆಚ್ಚು ಹೇಳಲ್ಲ.” ಹೇಳಿ, ನೆರವು ಸಿಕ್ಕವರ ಸಾಲಿನ ಖಾಲಿ ಕುರ್ಚಿಯಲ್ಲಿ ಹೋಗಿ ಕೂತಳು. ಮಣ್ಣು ಹಚ್ಚಿದ ಅಂಗಿಯ ಹುಡುಗ ಕಾಲು ಸರಿಸಿ ದಾರಿ ಕೊಟ್ಟ.

“ಇಳಿಸ್ರೋ ಇವ್ರನ್ನ,” ಅಧ್ಯಕ್ಷರು ಕೂಗಿದರು. “ನಾಳೆಯಿಂದ ನಿಮ್ಮ ಅಂಗಳಕ್ಕೆ ಒಂದು ಕರವಸ್ತ್ರಾನೂ ಬರಲ್ಲ, ನೋಡ್ತಿರಿ. ಉಪವಾಸ ಸಾಯ್ತೀರಿ.”

“ಇವತ್ತೇ ನಿಲ್ಲಿಸಿ ಆಯ್ತಲ್ಲ ಯಜಮಾನ್ರೇ.”

ದನಿ ಬಾಗಿಲ ಕಡೆಯಿಂದ ಬಂತು. ಭಟ್ಟಿಯವನು. ಮೈಮೇಲೆ ಮಸಿ ಹಿಡಿದ ಕೆಲಸದ ಬಟ್ಟೆ, ಕಾವಲುಗಾರ ಅವನ ರಟ್ಟೆ ಹಿಡಿದುಕೊಂಡಿದ್ದ. “ಭಟ್ಟಿಗೆ ನೀರು ಸುರಿದು ಬಂದೆ. ಬೀದಿ ಗಂಟೆಲ್ಲ ತೊಟ್ಟೀಲಿ ನೆನೀತಾ ಬಿದ್ದಿದೆ. ಒಗೆಯೋ ಸೋಡಾ ಹಾಕಿದ ನೀರು, ಬೇಗ ತೆಗೀದಿದ್ರೆ ತೂತು ಬೀಳುತ್ತೆ. ಹೋಗಿ ನೀವೇ ಹಿಂಡ್ಕೊಳ್ಳಿ.” ನಂತರ ನನ್ನ ಕಡೆ ನೋಡಿ, “ಒಲೆ ಆರೋದಾದ್ರೆ ನಮ್ಮ ಕೈಯಾರೆ ಆರ್ಲಿ ಅಂದ್ಕೊಂಡೆ,” ಅಂದ, ತಪ್ಪು ಮಾಡಿದವನ ಹಾಗೆ.

ಸಭೆಯಲ್ಲಿ ಗದ್ದಲವೆದ್ದಿತು. ಕೆಲವರು ತಮ್ಮ ಬಟ್ಟೆ ಹುಡುಕಲು ವೇದಿಕೆಯ ಕಡೆ ನುಗ್ಗಿದರು, ಕೆಲವರು ಬಾಗಿಲ ಕಡೆ ಓಡಿದರು. ಗುಮಾಸ್ತ ಗಂಜಿಯ ಕುರ್ಚಿ ಅಲ್ಲಾಡಿಸಿದ. ಅವಳು ಕುರ್ಚಿಯ ಕೈ ಹಿಡಿದು, ಗಂಜಿ ತೊಟ್ಟಿಯಿಂದ ಈಗ ತಾನೇ ಎದ್ದವಳ ಹಾಗೆ ಸೆಟೆದು ಕೂತಿದ್ದಳು. ಅಣ್ಣ ಬನಿಯನಿನಲ್ಲೇ ಹೋಗಿ ಅವಳ ಪಕ್ಕ ನಿಂತ. ಸೀಟು ಸಿಗುತ್ತದೋ ಇಲ್ಲವೋ ನಮಗೆ ಗೊತ್ತಿರಲಿಲ್ಲ, ನಾಳೆ ಒಲೆ ಹೊತ್ತುತ್ತದೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಆದರೆ ಅಲ್ಲಿಂದ ಏಳುವ ಮನಸ್ಸು ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಎಲ್ಲರಿಗಿಂತ ಕೊನೆಗೆ ಮೆಟ್ಟಿಲು ಹತ್ತಿದವಳು ಅವ್ವ. ತುಪ್ಪಳದ ಶಾಲನ್ನು ರಾಶಿಯ ನೆತ್ತಿಗೆ ಎಸೆದಳು, ಮಡಚಲಿಲ್ಲ. ಸುತ್ತ ನೋಡಿದಳು. ಅಧ್ಯಕ್ಷರು ಮೈಕಿನ ಹತ್ತಿರ ಕೂಗಾಡುತ್ತಿದ್ದರು, ಅವರ ಎತ್ತರದ ಬೆನ್ನಿನ ಕುರ್ಚಿ ಖಾಲಿ ಇತ್ತು. ಅವ್ವ ಹೋಗಿ ಅದರಲ್ಲಿ ಕೂತಳು. ಫೋಟೋದವನು ಕ್ಯಾಮೆರಾ ಎದೆಗೆ ಒತ್ತಿಕೊಂಡು, ಯಾರ ಮಾತು ಕೇಳಬೇಕೆಂದು ತಿಳಿಯದೆ ಮೆಟ್ಟಿಲ ಕೆಳಗೆ ನಿಂತಿದ್ದ. ಅವ್ವ ಕೋಲಿನಿಂದ ಅವನಿಗೆ ಸನ್ನೆ ಮಾಡಿದಳು.

“ಏನೋ ನೋಡ್ತಾ ನಿಂತಿದೀಯ? ಬಡವರ ಫೋಟೋ ತೆಗಿಯೋಕೆ ತಾನೇ ಬಂದಿದ್ದು? ತೆಗಿ. ಹಲ್ಲು ಬರ್ಲಿ,” ಎಂದು ಬಾಯಿ ಅಗಲಿಸಿದಳು.